ಬಣ್ಣ, ಊರು, ವೋಟು: ಅಮೆರಿಕದ ರಾಜಕೀಯ ಬಿರುಕಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಯನಗರ, ರಾಜಾಜಿನಗರ, ವಿಜಯನಗರದ ಯಾವ ಬೀದಿಗೆ ಹೋದರೂ ಮಗನೋ ಮಗಳೋ ಅಮೆರಿಕದಲ್ಲಿರುವ ಒಂದು ಮನೆ ಸಿಕ್ಕೇ ಸಿಗುತ್ತದೆ. ಅಲ್ಲಿ ಚುನಾವಣೆ ಬಂತೆಂದರೆ ಇಲ್ಲಿ ಬೆಳಗಿನ ವಾಕಿಂಗ್ ಗುಂಪಿನಲ್ಲೂ ಅದೇ ಮಾತು. ಆದರೆ ಮಾತು ಟ್ರಂಪ್ ಒಳ್ಳೆಯವರೋ ಕೆಟ್ಟವರೋ ಅನ್ನುವಲ್ಲಿಗೆ ನಿಂತುಬಿಡುತ್ತದೆ. ಆ ದೇಶ ಎರಡಾಗಿ ಸೀಳಿದ್ದು ಹೇಗೆ, ಅದರಲ್ಲಿ ಚರ್ಮದ ಬಣ್ಣದ ಪಾಲೆಷ್ಟು, ಇರುವ ಜಾಗದ ಪಾಲೆಷ್ಟು ಅನ್ನುವುದು ಮಾತಿಗೇ ಬರುವುದಿಲ್ಲ. ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಅಮೆರಿಕದ ಜಗಳ ನಮಗ್ಯಾಕೆ? ಇಲ್ಲಿನದೇ ಸಾಕಷ್ಟಿದೆಯಲ್ಲ?

ಇಲ್ಲಿನದನ್ನು ಅರ್ಥ ಮಾಡಿಕೊಳ್ಳುವುದಕ್ಕೇ ಅದು ಬೇಕು. ನಮ್ಮಲ್ಲಿ ಜಾತಿ, ಧರ್ಮ, ಭಾಷೆ, ಪ್ರದೇಶ ಎಲ್ಲ ಒಂದರೊಳಗೊಂದು ಸೇರಿಕೊಂಡಿರುವುದರಿಂದ ಯಾವುದು ಏನು ಮಾಡುತ್ತಿದೆ ಅಂತ ಬಿಡಿಸಿ ನೋಡುವುದು ಕಷ್ಟ. ಅಮೆರಿಕದಲ್ಲಿ ಬಣ್ಣ ಮತ್ತು ಜಾಗ ವೋಟಿನ ಮೇಲೆ ಮಾಡಿದ ಕೆಲಸ ದಾಖಲೆಗಳಲ್ಲಿ ಕಣ್ಣಿಗೆ ಕಾಣುವ ಹಾಗಿದೆ. ಯಾವ ಕಾನೂನು, ಯಾವ ವರ್ಷ, ಯಾವ ಬೀದಿ ಅಂತ ಬೊಟ್ಟು ಮಾಡಿ ತೋರಿಸಬಹುದು.

ಧ್ರುವೀಕರಣ ಅಂದರೆ ಜಗಳ ಜಾಸ್ತಿ ಆಗುವುದಾ?

ಜಗಳ ಪ್ರಜಾಪ್ರಭುತ್ವದಲ್ಲಿ ಇದ್ದೇ ಇರುತ್ತದೆ. ಅದರಿಂದ ಭಯವಿಲ್ಲ. ಒಬ್ಬ ಮನುಷ್ಯನಿಗೆ ಹತ್ತು ಗುರುತುಗಳಿರುತ್ತವೆ. ಊರು, ಬಣ್ಣ, ದೇವರು, ಓದು, ಕಸುಬು. ಅವು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತಿದ್ದರೆ ಮನುಷ್ಯ ನಡುವೆ ನಿಲ್ಲುತ್ತಾನೆ, ಆಚೆ ಕಡೆಯವರ ಮಾತನ್ನೂ ಕೇಳುತ್ತಾನೆ. ಹಗ್ಗಜಗ್ಗಾಟದ ಹಾಗೆ ಎಲ್ಲವೂ ಒಂದೇ ಕಡೆ ಎಳೆದರೆ ಕಥೆ ಬೇರೆ. ಹಳ್ಳಿಯಲ್ಲಿರುವ, ಬಿಳಿಯ, ಕಾಲೇಜು ಓದದ, ಪ್ರತಿ ಭಾನುವಾರ ಚರ್ಚಿಗೆ ಹೋಗುವ ವ್ಯಕ್ತಿಗೆ ಎಲ್ಲ ಗುರುತುಗಳೂ ರಿಪಬ್ಲಿಕನ್ ಪಕ್ಷದ ಕಡೆಗೇ ದಾರಿ ತೋರಿಸುತ್ತವೆ. ಆಗ ಪಕ್ಷ ಸೋತರೆ ತನ್ನ ಊರು, ತನ್ನ ಜನ, ತನ್ನ ದೇವರು ಎಲ್ಲ ಒಟ್ಟಿಗೆ ಸೋತ ಹಾಗೆ ಅನ್ನಿಸುತ್ತದೆ. ಅಮೆರಿಕದಲ್ಲಿ ಐವತ್ತು ಅರವತ್ತು ವರ್ಷಗಳಲ್ಲಿ ಆಗಿರುವುದು ಇದೇ. ಮೊದಲು ಎರಡು ಪಕ್ಷಗಳ ಒಳಗೂ ಎಲ್ಲ ಥರದ ಜನ ಇದ್ದರು.

2016ರಲ್ಲಿ ಸೆನೆಟ್, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯ ಚುನಾವಣೆ ನಡೆದ ಒಂದೊಂದು ರಾಜ್ಯದಲ್ಲೂ ಅಧ್ಯಕ್ಷ ಸ್ಥಾನಕ್ಕೆ ಗೆದ್ದ ಪಕ್ಷವೇ ಸೆನೆಟ್ ಸೀಟನ್ನೂ ಗೆದ್ದಿತು. ಸೆನೆಟರ್‌ಗಳನ್ನು ಜನರೇ ಆರಿಸುವ ಪದ್ಧತಿ ಬಂದ ಮೇಲೆ ಹಾಗೆ ಆಗಿದ್ದು ಅದೇ ಮೊದಲು.

ಭೂಗೋಳಕ್ಕೂ ವೋಟಿಗೂ ಏನು ಸಂಬಂಧ? ಮಣ್ಣು ವೋಟು ಹಾಕುತ್ತದಾ?

ಹಾಕುತ್ತದೆ ಅಂತಲೇ ಹೇಳಬೇಕು. ಅಲಬಾಮಾ ರಾಜ್ಯದ ಚುನಾವಣಾ ನಕ್ಷೆ ನೋಡಿ. ಕೆಂಪು ಅಂದರೆ ರಿಪಬ್ಲಿಕನ್, ನೀಲಿ ಅಂದರೆ ಡೆಮಾಕ್ರಟ್. ರಾಜ್ಯವೆಲ್ಲ ಕೆಂಪು, ನಡುವೆ ಅಡ್ಡಲಾಗಿ ಬಿಲ್ಲಿನ ಹಾಗೆ ಬಾಗಿದ ಒಂದು ನೀಲಿ ಪಟ್ಟಿ. ಸುಮಾರು ಎಂಟು ಹತ್ತು ಕೋಟಿ ವರ್ಷಗಳ ಹಿಂದೆ ಅಲ್ಲಿವರೆಗೆ ಸಮುದ್ರ ಇತ್ತು. ಕಡಲತಡಿಯ ಸಣ್ಣ ಜೀವಿಗಳ ಚಿಪ್ಪು ಸುಣ್ಣಕಲ್ಲಾಗಿ, ಅದರ ಮೇಲೆ ಕಪ್ಪು ಮಣ್ಣು ಕೂತಿತು. ಕಪ್ಪು ಮಣ್ಣು ಅಂದರೆ ಹತ್ತಿ. ಗದಗ, ಧಾರವಾಡದ ಎರೆ ಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿ ಅಂದರೆ ಆಗಿನ ಅಮೆರಿಕದಲ್ಲಿ ಗುಲಾಮರು. 1860ರ ಹೊತ್ತಿಗೆ ಆ ಪಟ್ಟಿಯ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯ ಥರದ ವಿಭಾಗಗಳು) ಬಿಳಿಯರಿಗಿಂತ ಗುಲಾಮರೇ ಜಾಸ್ತಿ ಇದ್ದರು. ಗುಲಾಮಗಿರಿ 1865ರಲ್ಲಿ ಹೋಯಿತು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಎಷ್ಟೋ ಜನ ಅಲ್ಲೇ ಉಳಿದರು. ಇವತ್ತು ಅವರು ಡೆಮಾಕ್ರಟಿಕ್ ಪಕ್ಷಕ್ಕೆ ವೋಟು ಹಾಕುತ್ತಾರೆ. ಹಳೆಯ ಕಡಲತೀರದ ಗೆರೆ ಮತಪೆಟ್ಟಿಗೆಯಲ್ಲಿ ಮೂಡುವುದು ಹೀಗೆ.

ಆ ಪಟ್ಟಿಯಲ್ಲಿ ಲೌಂಡ್ಸ್ ಅನ್ನುವ ಒಂದು ಕೌಂಟಿ ಇದೆ. ಸೆಲ್ಮಾದಿಂದ ಮಾಂಟ್‌ಗೊಮರಿಗೆ ಹೋಗುವ ರಸ್ತೆ ಅದರೊಳಗೇ ಹಾದು ಹೋಗುತ್ತದೆ. 1965ರ ಶುರುವಿನಲ್ಲಿ ಅಲ್ಲಿ ಐದರಲ್ಲಿ ನಾಲ್ಕು ಪಾಲು ಕಪ್ಪು ಜನ. ಮತದಾರರ ಪಟ್ಟಿಯಲ್ಲಿ ಅವರ ಪೈಕಿ ಒಂದೇ ಒಂದು ಹೆಸರೂ ಇರಲಿಲ್ಲ. ಓದು ಬರಹದ ಪರೀಕ್ಷೆ, ವೋಟಿನ ತೆರಿಗೆ, ಅದೂ ಸಾಲದಿದ್ದರೆ ಬಂದೂಕು. ಇದೆಲ್ಲ ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ, ನಾವು ಆಗಲೇ ಮೂರು ಮಹಾಚುನಾವಣೆಗಳಲ್ಲಿ ಎಲ್ಲರಿಗೂ ವೋಟು ಕೊಟ್ಟು ಮುಗಿಸಿದ್ದಾಗ ನಡೆಯುತ್ತಿತ್ತು. ಇದನ್ನು ಓದುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದ ಅಂತರ್ಯುದ್ಧ ನಡೆದ 1861ರಿಂದ 1865ರವರೆಗೆ ದಕ್ಷಿಣದ ಬಂದರುಗಳು ಮುಚ್ಚಿದ್ದವು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗಲಿಲ್ಲ. ಆಗ ಧಾರವಾಡ ಸೀಮೆಯ ಹತ್ತಿಗೆ ಬೆಲೆ ಬಂತು, ಅದನ್ನು ಸಾಗಿಸಲು ಕಾರವಾರದ ಬಂದರನ್ನು ಬೆಳೆಸಿದರು. ಅಲಬಾಮಾದ ಎರೆ ನೆಲಕ್ಕೂ ನಮ್ಮ ಎರೆ ನೆಲಕ್ಕೂ ಇರುವ ನಂಟು ಹಳೆಯದು.

ಗುಲಾಮಗಿರಿ ತೆಗೆದ ಲಿಂಕನ್ ರಿಪಬ್ಲಿಕನ್ ಅಲ್ವಾ? ಮತ್ತೆ ಕಪ್ಪು ಜನ ಯಾಕೆ ಡೆಮಾಕ್ರಟ್‌ಗಳಿಗೆ ವೋಟು ಹಾಕುತ್ತಾರೆ?

ಜನ ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಕೇಳುವುದು ಸರಿಯಾಗಿದೆ ಕೂಡ.

ಲಿಂಕನ್ ರಿಪಬ್ಲಿಕನ್. ಯುದ್ಧದ ನಂತರ ವೋಟು ಸಿಕ್ಕ ಕಪ್ಪು ಜನ ರಿಪಬ್ಲಿಕನ್ ಪಕ್ಷದ ಜೊತೆಗಿದ್ದರು. ದಕ್ಷಿಣದ ಬಿಳಿಯರು ಡೆಮಾಕ್ರಟ್‌ಗಳು. 1877ರಲ್ಲಿ ಕೇಂದ್ರದ ಸೇನೆ ದಕ್ಷಿಣದಿಂದ ಕಾವಲು ತೆಗೆಯಿತು. ಅಲ್ಲಿಂದಾಚೆ ಒಂದೊಂದೇ ರಾಜ್ಯ ಕಪ್ಪು ಜನರ ವೋಟನ್ನು ಕಿತ್ತುಕೊಂಡಿತು. ದಕ್ಷಿಣ ಅಂದರೆ ಡೆಮಾಕ್ರಟ್‌ಗಳ ಕೋಟೆ ಅನ್ನುವಂತಾಯಿತು. ಅಲಬಾಮಾದಲ್ಲಿ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಬಿಳಿ ಹುಂಜ. ಅದರ ಜೊತೆ ಬಿಳಿಯರ ಮೇಲುಗೈ ಸಾರುವ ಘೋಷಣೆ ಮತಪತ್ರದ ಮೇಲೇ ಅಚ್ಚಾಗುತ್ತಿತ್ತು. ಆ ಮಾತನ್ನು ತೆಗೆದಿದ್ದು 1966ರಲ್ಲಿ.

ತಿರುವು ಶುರುವಾಗಿದ್ದು ಡೆಮಾಕ್ರಟ್ ಅಧ್ಯಕ್ಷ ರೂಸ್‌ವೆಲ್ಟ್ ಕಾಲದಲ್ಲಿ. 1930ರ ದಶಕದ ಬಡತನದಲ್ಲಿ ಸರ್ಕಾರ ಕೊಟ್ಟ ಕೆಲಸ, ನೆರವು ಉತ್ತರದ ನಗರಗಳ ಕಪ್ಪು ಮತದಾರರನ್ನು ಡೆಮಾಕ್ರಟ್‌ಗಳ ಕಡೆ ಎಳೆಯಿತು. ಆಗ ಒಂದು ವಿಚಿತ್ರ ಸ್ಥಿತಿ. ಒಂದೇ ಪಕ್ಷದೊಳಗೆ ಶಿಕಾಗೊದ ಕಪ್ಪು ಕಾರ್ಮಿಕನೂ ಇದ್ದ, ಮಿಸಿಸಿಪ್ಪಿಯ ಬಿಳಿ ಜಮೀನ್ದಾರನೂ ಇದ್ದ. ಇದು ತುಂಬಾ ದಿನ ನಡೆಯುವ ಹಾಗಿರಲಿಲ್ಲ.

1964ರಲ್ಲಿ ಡೆಮಾಕ್ರಟ್ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕು ಕಾಯ್ದೆಗೆ ಸಹಿ ಹಾಕಿದರು. 1965ರಲ್ಲಿ ಮತದಾನ ಹಕ್ಕು ಕಾಯ್ದೆ. ಸಂಸತ್ತಿನಲ್ಲಿ 1964ರ ಕಾಯ್ದೆಯನ್ನು ಬೆಂಬಲಿಸಿದವರ ಪ್ರಮಾಣ ಡೆಮಾಕ್ರಟ್‌ಗಳಿಗಿಂತ ರಿಪಬ್ಲಿಕನ್ನರಲ್ಲೇ ಜಾಸ್ತಿ ಇತ್ತು. ವಿರೋಧ ಬಂದಿದ್ದು ಮುಖ್ಯವಾಗಿ ದಕ್ಷಿಣದಿಂದ. ಆದರೆ ಆ ವರ್ಷ ರಿಪಬ್ಲಿಕನ್ ಪಕ್ಷ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿದ್ದು ಆ ಕಾಯ್ದೆಯ ವಿರುದ್ಧ ವೋಟು ಹಾಕಿದ್ದ ಬ್ಯಾರಿ ಗೋಲ್ಡ್‌ವಾಟರ್ ಅವರನ್ನು. ದೇಶವೆಲ್ಲ ಅವರು ನೆಲಕಚ್ಚಿದರು. ಗೆದ್ದಿದ್ದು ಆರೇ ರಾಜ್ಯ: ಸ್ವಂತ ಅರಿಜೋನಾ, ಮತ್ತೆ ಮಿಸಿಸಿಪ್ಪಿ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ದಕ್ಷಿಣ ಕ್ಯಾರೊಲಿನಾ. ಮಿಸಿಸಿಪ್ಪಿಯಲ್ಲಿ ಶೇ 87ರಷ್ಟು ವೋಟು. ಆ ಹೊತ್ತಿನಲ್ಲಿ ಅಲ್ಲಿ ವೋಟು ಹಾಕುತ್ತಿದ್ದವರು ಹೆಚ್ಚೂಕಮ್ಮಿ ಬಿಳಿಯರು ಮಾತ್ರ ಅನ್ನುವುದನ್ನು ನೆನಪಿಡಿ.

ಅಲ್ಲಿಂದ ಮುಂದೆ ಒಂದು ಮೂವತ್ತು ವರ್ಷ ನಿಧಾನವಾಗಿ ನಡೆದ ಅದಲು ಬದಲು. 1968ರಲ್ಲಿ ಕಪ್ಪು ಜನರನ್ನು ಬಿಳಿಯರಿಂದ ಬೇರೆಯಾಗಿಯೇ ಇಡಬೇಕು ಅನ್ನುತ್ತಿದ್ದ ಜಾರ್ಜ್ ವ್ಯಾಲೇಸ್ ಮೂರನೇ ಅಭ್ಯರ್ಥಿಯಾಗಿ ದಕ್ಷಿಣದ ಐದು ರಾಜ್ಯ ಗೆದ್ದರು. ನಿಕ್ಸನ್ ಆ ಮತದಾರರನ್ನು ಓಲೈಸಿದರು, ರೇಗನ್ ಅವರನ್ನು ಗಟ್ಟಿ ಮಾಡಿಕೊಂಡರು. 1994ರ ಹೊತ್ತಿಗೆ ಸಂಸತ್ತಿನ ಕೆಳಮನೆಯ ದಕ್ಷಿಣದ ಸೀಟುಗಳಲ್ಲೂ ರಿಪಬ್ಲಿಕನ್ನರೇ ಮುಂದೆ ಬಂದರು. 1964ರ ನಂತರ ಯಾವ ಡೆಮಾಕ್ರಟ್ ಅಧ್ಯಕ್ಷೀಯ ಅಭ್ಯರ್ಥಿಗೂ ಬಿಳಿಯರ ವೋಟಿನಲ್ಲಿ ಬಹುಮತ ಸಿಕ್ಕಿಲ್ಲ. ಒಬಾಮಾಗೂ ಇಲ್ಲ, ಬೈಡನ್‌ಗೂ ಇಲ್ಲ.

ದಕ್ಷಿಣದ ಕಥೆ ಸರಿ. ಡೆಟ್ರಾಯಿಟ್, ಶಿಕಾಗೊ ಉತ್ತರದಲ್ಲಿವೆಯಲ್ಲ, ಅಲ್ಲೇನಾಯಿತು?

ಸುಮಾರು 1910ರಿಂದ 1970ರವರೆಗೆ ಅರವತ್ತು ಲಕ್ಷದಷ್ಟು ಕಪ್ಪು ಜನ ದಕ್ಷಿಣ ಬಿಟ್ಟು ಉತ್ತರ, ಪಶ್ಚಿಮದ ನಗರಗಳಿಗೆ ಗುಳೆ ಹೋದರು. ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಬಸ್ಸು ಹತ್ತುವವರ ಹಾಗೆ, ಕೂಲಿಗಾಗಿ ಹೋದರು. ಜೊತೆಗೆ ಜೀವ ಉಳಿಸಿಕೊಳ್ಳುವುದಕ್ಕೂ ಹೋದರು. ಉತ್ತರದಲ್ಲಿ ವೋಟು ಸಿಕ್ಕಿತು, ಮನೆ ಸಿಗಲಿಲ್ಲ.

1934ರಲ್ಲಿ ಸರ್ಕಾರ ಮನೆ ಸಾಲಕ್ಕೆ ವಿಮೆ ಕೊಡುವ ಒಂದು ಇಲಾಖೆ ಮಾಡಿತು. ಕಡಿಮೆ ಬಡ್ಡಿ, ಉದ್ದದ ಕಂತು. ಬಿಳಿಯ ಕಾರ್ಮಿಕರು ಮೊದಲ ಬಾರಿ ಸ್ವಂತ ಮನೆ ಕಂಡರು. ಆದರೆ ಕಪ್ಪು ಜನ ಇರುವ ಬೀದಿ ಅಂದರೆ ಸಾಲಕ್ಕೆ ಅಪಾಯ ಅಂತ ಇಲಾಖೆಯ ನಿಯಮವೇ ಹೇಳುತ್ತಿತ್ತು. ಅದೇ ದಶಕದ ಇನ್ನೊಂದು ಸರ್ಕಾರಿ ಸಂಸ್ಥೆ ನಗರಗಳ ನಕ್ಷೆ ಬರೆದು ಅಂಥ ಬಡಾವಣೆಗಳಿಗೆ ಕೆಂಪು ಬಳಿಯಿತು. ಅಲ್ಲಿಂದಲೇ ‘ರೆಡ್‌ಲೈನಿಂಗ್’ ಅನ್ನುವ ಹೆಸರು ಬಂತು.

ಡೆಟ್ರಾಯಿಟ್‌ನ ಎಯ್ಟ್ ಮೈಲ್ ರಸ್ತೆಯ ಹತ್ತಿರ ಒಂದು ಕಾಂಪೌಂಡ್ ಗೋಡೆ ಇದೆ. ಎತ್ತರ ಆರು ಅಡಿ, ಉದ್ದ ಸುಮಾರು ಅರ್ಧ ಮೈಲಿ. 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗಾಗಿ ಲೇಔಟ್ ಮಾಡಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಕೇರಿ ಇದ್ದುದರಿಂದ ಸಾಲಕ್ಕೆ ವಿಮೆ ಇಲ್ಲ ಅಂದರು. ಆತ ನಡುವೆ ಗೋಡೆ ಕಟ್ಟಿದ. ಸಾಲ ಮಂಜೂರಾಯಿತು. ಆ ಗೋಡೆ ಇವತ್ತೂ ಮನೆಗಳ ಹಿತ್ತಲಲ್ಲಿ ನಿಂತಿದೆ. ಒಂದು ಭಾಗಕ್ಕೆ ಚಿತ್ರ ಬರೆದಿದ್ದಾರೆ. ಈಗ ಎರಡೂ ಕಡೆ ಕಪ್ಪು ಕುಟುಂಬಗಳೇ ಇವೆ, ಯಾಕೆಂದರೆ ಬಿಳಿಯರು ಗೋಡೆಯನ್ನೂ ದಾಟಿ, ಎಯ್ಟ್ ಮೈಲ್ ರಸ್ತೆಯನ್ನೂ ದಾಟಿ ಉತ್ತರದ ಉಪನಗರಗಳಿಗೆ ಹೋದರು.

ಅವರಲ್ಲಿ ಬಹಳ ಜನ ಹೋಗಿ ಸೇರಿದ್ದು ಮೆಕೂಂಬ್ ಕೌಂಟಿಗೆ. ಕಾರು ಕಾರ್ಖಾನೆಯ ಯೂನಿಯನ್ ಮಂದಿ, 1960ರಲ್ಲಿ ಕೆನಡಿಗೆ ಭಾರಿ ಬಹುಮತ ಕೊಟ್ಟವರು. 1984ರಲ್ಲಿ ಅದೇ ಕೌಂಟಿ ರೇಗನ್‌ಗೆ ಅಷ್ಟೇ ಭಾರಿ ಬಹುಮತ ಕೊಟ್ಟಿತು. ನಂತರ ಒಬಾಮಾಗೆ ಎರಡು ಸಲ, ಟ್ರಂಪ್‌ಗೆ ಮೂರು ಸಲ. ರಸ್ತೆಯ ಈಚೆ ಡೆಟ್ರಾಯಿಟ್ ನಗರ ಪ್ರತಿ ಸಲವೂ ಡೆಮಾಕ್ರಟ್.

ಅದೆಲ್ಲ ಹಳೆಯ ಕಾನೂನು. ತೆಗೆದ ಮೇಲೂ ಯಾಕೆ ಸರಿಹೋಗಲಿಲ್ಲ?

ಮನೆ ಕೊಡುವಾಗ ಭೇದ ಮಾಡಬಾರದು ಅನ್ನುವ ಕಾನೂನು 1968ರಲ್ಲಿ ಬಂತು. ಅಷ್ಟರಲ್ಲಿ ಒಂದು ತಲೆಮಾರು ಮನೆ ಕೊಂಡು, ಅದರ ಬೆಲೆ ಏರಿ, ಮಕ್ಕಳ ಕಾಲೇಜಿಗೆ ಆ ದುಡ್ಡು ಹೋಗಿ ಆಗಿತ್ತು. ಇನ್ನೊಂದು ತಲೆಮಾರು ಬಾಡಿಗೆ ಕಟ್ಟುತ್ತಲೇ ಇತ್ತು. ಅಲ್ಲಿ ಸರ್ಕಾರಿ ಶಾಲೆಗೆ ದುಡ್ಡಿನ ದೊಡ್ಡ ಪಾಲು ಆ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆ ಬೆಲೆ ಜಾಸ್ತಿ ಇರುವ ಊರಿಗೆ ಒಳ್ಳೆಯ ಶಾಲೆ. 1974ರಲ್ಲಿ ಡೆಟ್ರಾಯಿಟ್‌ನದೇ ಒಂದು ಕೇಸಿನಲ್ಲಿ, ನಗರದ ಮಕ್ಕಳನ್ನೂ ಉಪನಗರದ ಮಕ್ಕಳನ್ನೂ ಶಾಲೆಗಳಲ್ಲಿ ಬೆರೆಸಿ ಅಂತ ಒತ್ತಾಯಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 5-4ರ ತೀರ್ಪು ಕೊಟ್ಟಿತು. ಊರಿನ ಗಡಿಯೇ ಗೋಡೆಯಾಯಿತು. ತೆರಿಗೆ ಬೇರೆ, ಶಾಲೆ ಬೇರೆ, ಪೊಲೀಸ್ ಬೇರೆ. ಹೀಗೆ ಬೇರೆ ಬೇರೆ ಬದುಕಿದವರಿಗೆ ಸರ್ಕಾರದಿಂದ ಬೇಕಾಗಿದ್ದೂ ಬೇರೆಯಾಯಿತು, ವೋಟೂ ಬೇರೆಯಾಯಿತು. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದು: ಯಾರು ಎಲ್ಲಿರಬೇಕು ಅಂತ ಕಾನೂನು ಮತ್ತು ಬ್ಯಾಂಕು ತೀರ್ಮಾನ ಮಾಡಿದವು, ವೋಟು ಅದರ ಹಿಂದೆ ಹೋಯಿತು.

ಟಿವಿಯಲ್ಲಿ ಮ್ಯಾಪ್ ನೋಡಿದರೆ ದೇಶವೆಲ್ಲ ಕೆಂಪು. ಆದರೂ ವೋಟು ಸಮ ಸಮ ಬರುವುದು ಹೇಗೆ?

ನಕ್ಷೆ ತೋರಿಸುವುದು ನೆಲವನ್ನು. ವೋಟು ಹಾಕುವವರು ಜನ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಕೌಂಟಿಗಳಿವೆ. 2020ರಲ್ಲಿ ಗೆದ್ದ ಬೈಡನ್‌ಗೆ ಅದರಲ್ಲಿ ಸಿಕ್ಕಿದ್ದು ಐನೂರು ಚಿಲ್ಲರೆ ಮಾತ್ರ. ಆದರೆ ಅವು ಜನ ಕಿಕ್ಕಿರಿದ ಕೌಂಟಿಗಳು.

ರಾಜ್ಯಕ್ಕೆ ಒಂದೇ ಬಣ್ಣ ಬಳಿಯುವುದು ಇನ್ನೂ ದೊಡ್ಡ ತಪ್ಪು ಕಲ್ಪನೆ ಮೂಡಿಸುತ್ತದೆ. 2020ರಲ್ಲಿ ಟ್ರಂಪ್‌ಗೆ ಅತಿ ಹೆಚ್ಚು ವೋಟು ಕೊಟ್ಟ ರಾಜ್ಯ ಯಾವುದು ಹೇಳಿ? ಟೆಕ್ಸಾಸ್ ಅಲ್ಲ, ಕ್ಯಾಲಿಫೋರ್ನಿಯಾ. ಅಲ್ಲಿ ಅರವತ್ತು ಲಕ್ಷ ಜನ ಅವರಿಗೆ ವೋಟು ಹಾಕಿದರು, ಆದರೂ ಸೋತರು. ಹಾಗೆಯೇ ಕೆಂಪು ಟೆಕ್ಸಾಸ್‌ನ ನಡುವೆ ಆಸ್ಟಿನ್ ಕಡು ನೀಲಿ. ಗೆರೆ ಇರುವುದು ನಗರಕ್ಕೂ ಹಳ್ಳಿಗೂ ನಡುವೆ, ಅದೂ ಉಪನಗರಗಳ ಒಳಗೆಲ್ಲೋ ಸುಳಿದಾಡುತ್ತದೆ.

ಜಾಸ್ತಿ ವೋಟು ಪಡೆದವರೇ ಸೋಲುತ್ತಾರಂತೆ, ನಿಜವಾ?

ನಿಜ. 2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್. ಹಿಲರಿಗೆ ಸುಮಾರು 29 ಲಕ್ಷ ವೋಟು ಜಾಸ್ತಿ ಇತ್ತು. ಅಲ್ಲಿ ಲೆಕ್ಕಕ್ಕೆ ಬರುವುದು ರಾಜ್ಯಗಳಿಗೆ ಹಂಚಿರುವ 538 ಎಲೆಕ್ಟೋರಲ್ ವೋಟು, ಗೆಲ್ಲಲು 270. ಹೆಚ್ಚೂಕಮ್ಮಿ ಎಲ್ಲ ರಾಜ್ಯಗಳಲ್ಲೂ ಗೆದ್ದವರಿಗೇ ಅಲ್ಲಿನ ಎಲ್ಲ ವೋಟು.

ಸೆನೆಟ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಪ್ರತಿ ರಾಜ್ಯಕ್ಕೂ ಎರಡೇ ಸೀಟು. 2020ರ ಜನಗಣತಿಯಲ್ಲಿ ಕ್ಯಾಲಿಫೋರ್ನಿಯಾದ ಜನ 3.95 ಕೋಟಿ, ವಯೋಮಿಂಗ್‌ನ ಜನ 5.77 ಲಕ್ಷ. ನಮ್ಮ ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರ ಒಂದರಲ್ಲೇ ಆರು ಲಕ್ಷಕ್ಕೂ ಜಾಸ್ತಿ ಮತದಾರರಿದ್ದಾರೆ. ಸಣ್ಣ ರಾಜ್ಯಗಳಲ್ಲಿ ಬಿಳಿಯರೇ ಹೆಚ್ಚಿರುವವು ಜಾಸ್ತಿ. ಕಪ್ಪು, ಲ್ಯಾಟಿನೊ, ಏಷ್ಯನ್ ಜನ ದೊಡ್ಡ ರಾಜ್ಯಗಳಲ್ಲಿ ಸೇರಿಕೊಂಡಿದ್ದಾರೆ. ಹಾಗಾಗಿ ಜಾಗದ ಲೆಕ್ಕ ಅಂತ ಕಾಣುವುದು ಒಳಗೊಳಗೇ ಬಣ್ಣದ ಲೆಕ್ಕವೂ ಆಗುತ್ತದೆ.

ಗೆರಿಮ್ಯಾಂಡರಿಂಗ್ ಅಂದರೆ?

ಕ್ಷೇತ್ರದ ಗಡಿಯನ್ನು ತಮಗೆ ಬೇಕಾದ ಹಾಗೆ ಎಳೆಯುವುದು. 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ಸೊಟ್ಟ ಕ್ಷೇತ್ರದಿಂದ ಬಂದ ಹೆಸರು. ಎದುರಾಳಿಯ ಮತದಾರರನ್ನೆಲ್ಲ ಒಂದೇ ಕ್ಷೇತ್ರಕ್ಕೆ ತುಂಬಬಹುದು, ಇಲ್ಲವೇ ಹತ್ತು ಕ್ಷೇತ್ರಗಳಿಗೆ ಚೂರು ಚೂರು ಹಂಚಿ ಎಲ್ಲೂ ಗೆಲ್ಲದ ಹಾಗೆ ಮಾಡಬಹುದು. ಜನ ಬಣ್ಣದ ಪ್ರಕಾರ ಬೇರೆ ಬೇರೆ ಕಡೆ ವಾಸ ಮಾಡುವುದರಿಂದ ಇದು ಸುಲಭ.

ಕಾನೂನು ಇಲ್ಲಿ ಗೋಜಲು. ಜನಾಂಗ ನೋಡಿ ಗೆರೆ ಎಳೆದರೆ ಕೋರ್ಟಿಗೆ ಹೋಗಬಹುದು. ಪಕ್ಷ ನೋಡಿ ಎಳೆದರೆ ಅದು ನಮ್ಮ ಕೆಲಸವಲ್ಲ ಅಂತ 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಕಪ್ಪು ಮತದಾರರಲ್ಲಿ ಹೆಚ್ಚಿನವರು ಒಂದೇ ಪಕ್ಷಕ್ಕೆ ವೋಟು ಹಾಕುವ ಕಡೆ ಇವೆರಡನ್ನು ಬೇರೆ ಮಾಡುವುದು ಹೇಗೆ? 2023ರಲ್ಲಿ ಅಲಬಾಮಾ ಕೇಸಿನಲ್ಲಿ ಅದೇ ಕೋರ್ಟ್ ಕಪ್ಪು ಮತದಾರರ ಪರ ನಿಂತಿತು. ಆ ರಾಜ್ಯದಲ್ಲಿ ಕಪ್ಪು ಜನ ಕಾಲು ಪಾಲಿಗಿಂತ ಹೆಚ್ಚಿದ್ದರೂ ಏಳು ಕ್ಷೇತ್ರಗಳಲ್ಲಿ ಅವರ ಮಾತು ನಡೆಯುತ್ತಿದ್ದುದು ಒಂದರಲ್ಲಿ ಮಾತ್ರ. ಎರೆ ಮಣ್ಣಿನ ಆ ಪಟ್ಟಿಯನ್ನು ತುಂಡು ಮಾಡಿದ್ದೇ ಆ ಕೇಸಿನ ಒಂದು ಮುಖ್ಯ ವಾದ.

ನಮ್ಮಲ್ಲಿ ಗಡಿ ಎಳೆಯುವುದು ಡಿಲಿಮಿಟೇಶನ್ ಆಯೋಗ. ಅದರ ಬಗ್ಗೆಯೂ ತಕರಾರುಗಳಿವೆ. ಆದರೂ ಅಲ್ಲಿನ ಹಲವು ರಾಜ್ಯಗಳ ಹಾಗೆ ಆಳುವ ಪಕ್ಷದ ಶಾಸಕರೇ ಕೂತು ತಮ್ಮ ಕ್ಷೇತ್ರ ಬರೆದುಕೊಳ್ಳುವುದಿಲ್ಲ. ಇದು ಸಣ್ಣ ವಿಷಯವಲ್ಲ, ಇದನ್ನು ಕಾಪಾಡಿಕೊಳ್ಳಬೇಕು.

ಹಾಗಾದರೆ ಬಣ್ಣ ನೋಡಿ ಯಾರ ವೋಟು ಯಾರಿಗೆ ಅಂತ ಹೇಳಬಹುದಲ್ಲ?

ಹೇಳಲಾಗದು. ವರ್ಮಾಂಟ್ ಮತ್ತು ವೆಸ್ಟ್ ವರ್ಜೀನಿಯಾ, ಎರಡೂ ರಾಜ್ಯಗಳಲ್ಲಿ ಬಹುತೇಕ ಬಿಳಿಯರೇ, ಎರಡೂ ಗುಡ್ಡಗಾಡು, ಎರಡೂ ಹಳ್ಳಿಗಾಡು. ವರ್ಮಾಂಟ್ ಗಟ್ಟಿ ಡೆಮಾಕ್ರಟ್, ವೆಸ್ಟ್ ವರ್ಜೀನಿಯಾ ಗಟ್ಟಿ ರಿಪಬ್ಲಿಕನ್. ಹಿಂದೆ ಇದು ತಿರುಗು ಮುರುಗಾಗಿತ್ತು. 1856ರಿಂದ 1960ರವರೆಗೆ ವರ್ಮಾಂಟ್ ಒಂದು ಸಲವೂ ರಿಪಬ್ಲಿಕನ್ನರ ಕೈ ಬಿಡಲಿಲ್ಲ. ಕಲ್ಲಿದ್ದಲು ಗಣಿಯ ಯೂನಿಯನ್‌ಗಳ ವೆಸ್ಟ್ ವರ್ಜೀನಿಯಾ 1996ರಲ್ಲೂ ಬಿಲ್ ಕ್ಲಿಂಟನ್‌ಗೆ ವೋಟು ಹಾಕಿತ್ತು.

ಟೆಕ್ಸಾಸ್‌ನಲ್ಲಿ ಮೆಕ್ಸಿಕೊ ಗಡಿಯ ಸ್ಟಾರ್ ಕೌಂಟಿಯನ್ನು ನೋಡಿ. ಅಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಲ್ಯಾಟಿನೊಗಳು. 2016ರಲ್ಲಿ ಹಿಲರಿಗೆ ಶೇ 79 ವೋಟು. 2024ರಲ್ಲಿ ಟ್ರಂಪ್ ಗೆದ್ದರು. ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಅಲ್ಲಿ ಗೆದ್ದಿದ್ದು ನೂರು ವರ್ಷಗಳ ಮೇಲೆ. ಅಲ್ಲಿನ ಜನಕ್ಕೆ ದಿನಸಿ ಬೆಲೆ, ತೈಲದ ಕೆಲಸ, ಗಡಿ ಕಾವಲು ಪಡೆಯ ಕೆಲಸ ಮನೆ ಬಾಗಿಲಿನ ವಿಷಯಗಳು. ಲ್ಯಾಟಿನೊ ಅಂದರೆ ವಲಸಿಗರ ಪರ, ಹಾಗಾಗಿ ಡೆಮಾಕ್ರಟ್ ಅಂತ ದೂರದಲ್ಲಿ ಕೂತು ಲೆಕ್ಕ ಹಾಕಿದವರು ಎಡವಿದರು. ಈಗ ಅಲ್ಲಿ ಜನಾಂಗದ ಗೆರೆ ಸ್ವಲ್ಪ ಮಾಸುತ್ತಿದೆ, ಕಾಲೇಜು ಓದಿದವರು ಓದದವರು ಅನ್ನುವ ಗೆರೆ ದಪ್ಪವಾಗುತ್ತಿದೆ.

ನಮ್ಮವರು ಅಲ್ಲಿ ಯಾವ ಕಡೆ?

ಭಾರತೀಯ ಮೂಲದವರು ಐವತ್ತು ಲಕ್ಷ ದಾಟಿದ್ದಾರೆ. ಹೆಚ್ಚಿನವರು ಡೆಮಾಕ್ರಟ್, ಆದರೆ 2024ರಲ್ಲಿ ಆ ಒಲವು ಸ್ವಲ್ಪ ಇಳಿಯಿತು. ನ್ಯೂಜೆರ್ಸಿ, ಡಲ್ಲಾಸ್, ಕ್ಯಾಲಿಫೋರ್ನಿಯಾದ ಒಳ್ಳೆಯ ಶಾಲೆ ಇರುವ ಉಪನಗರಗಳಲ್ಲಿ ನಮ್ಮವರು ಜಾಸ್ತಿ.

ನಮ್ಮವರಿಗೆ ಆ ಬಾಗಿಲು ತೆರೆದಿದ್ದು ಯಾರಿಂದ ಅನ್ನುವುದನ್ನು ಮಾತ್ರ ಮರೆಯಬಾರದು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂದಿತ್ತು. 1946ರಲ್ಲಿ ಕಾನೂನು ಬದಲಾಯಿತು, ಆದರೆ ವರ್ಷಕ್ಕೆ ನೂರು ಜನಕ್ಕೆ ಮಾತ್ರ ಪ್ರವೇಶ. ನಿಜವಾಗಿ ದಾರಿ ತೆರೆದಿದ್ದು 1965ರ ವಲಸೆ ಕಾಯ್ದೆ. ವೋಟಿನ ಹಕ್ಕು ಕೇಳಿ ಹೊರಟ ಕಪ್ಪು ಜನ ಸೆಲ್ಮಾದ ಸೇತುವೆಯ ಮೇಲೆ ಲಾಠಿ ಏಟು ತಿಂದ ವರ್ಷವೇ ಅದು. ಆ ಹೋರಾಟದ ಗಾಳಿ ಇಲ್ಲದೆ ಆ ಕಾಯ್ದೆ ಬರುತ್ತಿರಲಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಮಗ ಅಲ್ಲಿ ಮನೆ ಕೊಂಡ ಏರಿಯಾ ಸೇಫಾ ಅಂತ ಕೇಳುವಾಗ, ಆ ಮಾತಿನ ಅರ್ಥ ಅಲ್ಲಿ ಕಪ್ಪು ಜನ ಇಲ್ಲ ತಾನೆ ಅಂತ ಆಗದಿರಲಿ.

ಬೆಳಗಾವಿಯಲ್ಲಿ ಬೆಳೆದ ಶ್ರೀ ಠಾಣೇದಾರ್ 2022ರಲ್ಲಿ ಡೆಟ್ರಾಯಿಟ್‌ನ ಬಹುಪಾಲು ಸೇರಿದ ಕ್ಷೇತ್ರದಿಂದ ಅಮೆರಿಕದ ಸಂಸತ್ತಿಗೆ ಗೆದ್ದರು. ನಮಗೆ ಹೆಮ್ಮೆ ಅನ್ನಿಸಿದ್ದು ಸಹಜ. ಡೆಟ್ರಾಯಿಟ್‌ನವರ ಕಡೆಯಿಂದಲೂ ನೋಡಿ: ಸುಮಾರು ಎಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ಮುಕ್ಕಾಲು ಪಾಲು ಕಪ್ಪು ಜನ ಇರುವ ಆ ಊರಿಗೆ ಸಂಸತ್ತಿನಲ್ಲಿ ಕಪ್ಪು ಪ್ರತಿನಿಧಿ ಇಲ್ಲದಂತಾಯಿತು.

ಜನಾಂಗ ಅಂದರೆ ನಮ್ಮ ಜಾತಿಯ ಹಾಗೇನಾ?

ಕೆಲವು ಕಡೆ ಹೋಲುತ್ತದೆ. ಕೇರಿ ಬೇರೆ, ನೀರು ಬೇರೆ, ಮದುವೆ ಬೇರೆ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡು ಬೋಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಸಲ್ಲಿಸಿದ ಅರ್ಜಿಯ ಬಗ್ಗೆ ವಿಚಾರಿಸಿದ್ದರು. ಮೇಲೆ ಹೇಳಿದ ಲೌಂಡ್ಸ್ ಕೌಂಟಿಯಲ್ಲಿ ಕಪ್ಪು ಜನ ಕಟ್ಟಿದ ಪಕ್ಷಕ್ಕೆ ಕರಿ ಚಿರತೆ ಚಿಹ್ನೆ. ಓದು ಬಾರದ ಮತದಾರರಿಗಾಗಿ ನಮ್ಮಲ್ಲಿದ್ದ ಹಾಗೆ ಅಲ್ಲೂ ಪಕ್ಷಕ್ಕೊಂದು ಚಿಹ್ನೆ ಬೇಕಿತ್ತು. ಆ ಚಿರತೆ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ಗೆ ಹೋಗಿ ಬ್ಲ್ಯಾಕ್ ಪ್ಯಾಂಥರ್ ಪಕ್ಷವಾಯಿತು, ಅಲ್ಲಿಂದ 1972ರಲ್ಲಿ ಮುಂಬೈಗೆ ಬಂದು ದಲಿತ ಪ್ಯಾಂಥರ್ಸ್ ಆಯಿತು. ಅದೇ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು.

ವ್ಯತ್ಯಾಸ ಒಂದು ದೊಡ್ಡದಿದೆ. ಅಲ್ಲಿ ಪಕ್ಷ ಎರಡೇ, ಗೆರೆ ಒಂದೇ. ಇಲ್ಲಿ ನೂರಾರು ಜಾತಿ. ಯಾವುದೂ ಒಂದೇ ಗೆದ್ದು ಆಳುವಷ್ಟು ದೊಡ್ಡದಲ್ಲ. ಕೈ ಜೋಡಿಸಲೇಬೇಕು.

ಕರ್ನಾಟಕದಲ್ಲೂ ಅಲ್ಲಿನ ಹಾಗೆ ಒಂದು ಪ್ರದೇಶ, ಒಂದು ಸಮುದಾಯ ಒಟ್ಟಿಗೆ ಪಕ್ಷ ಬದಲಿಸಿದ್ದು ಇದೆಯಾ?

ಇದೆ. 1989ರಲ್ಲಿ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 178 ಸೀಟು ಗೆದ್ದಿತು. 1990ರಲ್ಲಿ ಅವರು ಕಾಯಿಲೆಯಲ್ಲಿದ್ದಾಗ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಮುಖ್ಯಮಂತ್ರಿ ಬದಲಾವಣೆ ಘೋಷಿಸಿದರು. ಉತ್ತರ ಕರ್ನಾಟಕದ ಲಿಂಗಾಯತರು ಅದನ್ನು ತಮಗಾದ ಅವಮಾನ ಅಂತ ತೆಗೆದುಕೊಂಡರು. 1994ರಲ್ಲಿ ಕಾಂಗ್ರೆಸ್ 34ಕ್ಕೆ ಇಳಿಯಿತು. ಆ ವೋಟು ಮೊದಲು ಜನತಾದಳಕ್ಕೆ, ಆಮೇಲೆ ಯಡಿಯೂರಪ್ಪನವರ ಜೊತೆ ಬಿಜೆಪಿಗೆ ಹೋಯಿತು. ಅಮೆರಿಕದ ದಕ್ಷಿಣದ ರಾಜ್ಯಗಳ ಬಿಳಿಯರದ್ದು ಹಕ್ಕು ಹಂಚಿಕೊಳ್ಳುವುದರ ಮೇಲಿನ ಸಿಟ್ಟು. ಇಲ್ಲಿನದು ನಾಯಕನಿಗಾದ ಅವಮಾನದ ಸಿಟ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕರಾವಳಿಯ ಕಥೆ ಬೇರೆ. ಅಲ್ಲಿ ಗೆರೆ ಧರ್ಮದ್ದು. 2023ರಲ್ಲಿ ರಾಜ್ಯವೆಲ್ಲ ಕಾಂಗ್ರೆಸ್ ಕಡೆ ವಾಲಿ 135 ಸೀಟು ಬಂದರೂ, ದಕ್ಷಿಣ ಕನ್ನಡ ಮತ್ತು ಉಡುಪಿಯ 13ರಲ್ಲಿ 11 ಬಿಜೆಪಿಗೆ. ಅದೇ ಚುನಾವಣೆಯಲ್ಲಿ ಕಲ್ಯಾಣ ಕರ್ನಾಟಕದ 41ರಲ್ಲಿ 26 ಕಾಂಗ್ರೆಸ್‌ಗೆ. ಒಂದೇ ರಾಜ್ಯ, ಎರಡು ಹವಾಮಾನ.

ಆದರೂ ನಮ್ಮ ಮತದಾರ ಇನ್ನೂ ಕಟ್ಟಿಹಾಕಿಕೊಂಡಿಲ್ಲ. 1985ರ ನಂತರ ಆಳುತ್ತಿದ್ದ ಯಾವ ಪಕ್ಷವನ್ನೂ ಕನ್ನಡಿಗರು ಮತ್ತೆ ಬಹುಮತ ಕೊಟ್ಟು ಕೂರಿಸಿಲ್ಲ. 2023ರಲ್ಲಿ ಕಾಂಗ್ರೆಸ್‌ಗೆ ವಿಧಾನಸೌಧ ಕೊಟ್ಟವರೇ 2024ರ ಲೋಕಸಭೆಗೆ 28ರಲ್ಲಿ 17 ಬಿಜೆಪಿಗೆ, 2 ಜೆಡಿಎಸ್‌ಗೆ, 9 ಕಾಂಗ್ರೆಸ್‌ಗೆ ಕೊಟ್ಟರು. ಜಯನಗರದಲ್ಲಿ 2023ರ ಅಂತರ ಬರೀ 16 ವೋಟು. ಇಷ್ಟು ಅಲುಗಾಡುವ ಮತದಾರರು ಇರುವ ತನಕ ಯಾವ ಪಕ್ಷವೂ ಯಾರನ್ನೂ ಪೂರ್ತಿ ಕೈಬಿಡಲಾಗುವುದಿಲ್ಲ.

ಬೆಂಗಳೂರಿನೊಳಗೆ ಇಂಥ ಗೋಡೆಗಳಿವೆಯಾ?

ಸರ್ಕಾರ ಬರೆದ ಕೆಂಪು ನಕ್ಷೆ ಇಲ್ಲ. ಆದರೆ ಬಾಡಿಗೆ ಮನೆ ಹುಡುಕಿದ ಮುಸ್ಲಿಮರನ್ನು, ದಲಿತರನ್ನು, ಈಶಾನ್ಯ ರಾಜ್ಯದ ಹುಡುಗಿಯರನ್ನು ಕೇಳಿ. ಮೊದಲ ಪ್ರಶ್ನೆ ಹೆಸರು, ಎರಡನೇ ಪ್ರಶ್ನೆ ನಾನ್ ವೆಜ್ ತಿಂತೀರಾ, ಮೂರನೇ ಪ್ರಶ್ನೆಗೆ ಮೊದಲೇ ‘ಮನೆ ಆಗಲೇ ಕೊಟ್ಟಾಯ್ತು’ ಅನ್ನುವ ಉತ್ತರ. ಇದನ್ನು ತಡೆಯುವ ಗಟ್ಟಿ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1968ರಿಂದ ಇದೆ.

2012ರ ಆಗಸ್ಟ್‌ನಲ್ಲಿ ಸುಳ್ಳು ಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಸಿಟಿ ರೈಲ್ವೆ ಸ್ಟೇಷನ್ನಿಗೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಮುಖ ನೋಡಿ ಹೊರಗಿನವರು ಅಂತ ತೀರ್ಮಾನ ಮಾಡುವುದು ನಮ್ಮ ಊರಿಗೂ ಗೊತ್ತು ಅಂತ ಆಗ ಕಂಡಿತು. ಅವರಲ್ಲಿ ಎಷ್ಟೋ ಜನರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ವೋಟು ಇಲ್ಲದವರ ಭಯ ಯಾವ ಶಾಸಕರ ಲೆಕ್ಕಕ್ಕೆ ಬರುತ್ತದೆ?

ಮುಂದಿನ ಸಲ ಅಲ್ಲಿನ ಫಲಿತಾಂಶ ನೋಡುವಾಗ ಏನು ಗಮನಿಸಬೇಕು?

ಜಾರ್ಜಿಯಾದಲ್ಲಿ ಮತದಾನ ಸಂಜೆ ಏಳಕ್ಕೆ ಮುಗಿಯುತ್ತದೆ. ನವೆಂಬರ್‌ನಲ್ಲಿ ನಮಗೆ ಅದು ಬೆಳಗಿನ ಐದೂವರೆ. ಹಳ್ಳಿಗಾಡಿನ ಸಣ್ಣ ಕೌಂಟಿಗಳ ಎಣಿಕೆ ಬೇಗ ಮುಗಿಯುವುದರಿಂದ ಮೊದಲು ಕೆಂಪು ಕಾಣುತ್ತದೆ. ಲಕ್ಷಗಟ್ಟಲೆ ವೋಟಿರುವ ನಗರಗಳದ್ದು, ಅದರಲ್ಲೂ ಅಂಚೆಯಲ್ಲಿ ಬಂದ ವೋಟು ಜಾಸ್ತಿ ಇದ್ದರೆ, ತಡವಾಗುತ್ತದೆ. ಇದರಲ್ಲಿ ಮೋಸ ಏನೂ ಇಲ್ಲ, ಎಣಿಸುವುದು ಅಷ್ಟಿದೆ.

2020ರಲ್ಲಿ ಮಂಗಳವಾರ ಮತದಾನ ಮುಗಿದ ರಾತ್ರಿ ಜಾರ್ಜಿಯಾದಲ್ಲಿ ಟ್ರಂಪ್ ಮುಂದಿದ್ದರು. ಎಣಿಕೆ ಬುಧವಾರ, ಗುರುವಾರ ನಡೆಯುತ್ತಲೇ ಇತ್ತು. ಶುಕ್ರವಾರ ನಸುಕಿನಲ್ಲಿ ಅಟ್ಲಾಂಟಾದ ದಕ್ಷಿಣಕ್ಕಿರುವ, ಕಪ್ಪು ಜನರೇ ಬಹುಸಂಖ್ಯಾತರಾಗಿರುವ ಕ್ಲೇಟನ್ ಕೌಂಟಿಯ ವೋಟುಗಳು ಸೇರಿದಾಗ ಬೈಡನ್ ಮುಂದೆ ಬಂದರು. ಐವತ್ತು ಲಕ್ಷ ವೋಟಿನ ರಾಜ್ಯದಲ್ಲಿ ಕೊನೆಗೆ ಉಳಿದ ಅಂತರ 11,779.